ಹಾಸಿಗೆ ಪಕ್ಕದ ಸ್ಪ್ಯಾನಿಷ್

ನನ್ನ ಬಾಯಿಗೆ ಹೆದರುತ್ತಿದ್ದವರು ಒಬ್ಬಿಬ್ಬರಲ್ಲ. ಜೆಸ್ತಾಫೋನಿ ರೈಲ್ವೆ ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷ ಟಿಕೆಟ್ ಕಿಟಕಿಯ ಹಿಂದೆ ಕೂತವಳು ನಾನು. ಸಾಲು ಬಿಟ್ಟು ಮುಂದೆ ನುಗ್ಗಿದ ಪೊಲೀಸಿನವನನ್ನೂ ನೀರಿಳಿಸಿ ಹಿಂದಕ್ಕೆ ಕಳಿಸಿದ್ದೇನೆ. ನನ್ನ ಗಂಡ, ಪುಣ್ಯಾತ್ಮ, ಬದುಕಿದ್ದಷ್ಟು ದಿನ ಮನೆಗೊಂದು ರೇಡಿಯೋ ತರಲಿಲ್ಲ. ನೀನಿದೀಯಲ್ಲ, ಸಾಕು ಅನ್ನುತ್ತಿದ್ದ. ಕಪ್ಪು ಸಮುದ್ರದ ಪಕ್ಕದ ನಮ್ಮ ಪುಟ್ಟ ಜಾರ್ಜಿಯಾದಲ್ಲಿ ಯಾವುದಕ್ಕೆ ಬರ ಬಂದರೂ ಮಾತಿಗೆ ಬಂದಿಲ್ಲ. ಅಂಥ ತ್ಸಿಯಾಲಾ ಐವತ್ತೊಂದನೇ ವಯಸ್ಸಿಗೆ ಸ್ಪೇನಿಗೆ ಬಂದು ಮೂಗಿಯಾದಳು ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ.

ಆದದ್ದು ಹೀಗೆ. ಫ್ವೆಂತೆಪಾರ್ದಾ ಅನ್ನುವ ಈ ಸಣ್ಣ ಊರಿನಲ್ಲಿ ವಿರ್ತುದೆಸ್ ಅನ್ನುವ ಎಂಬತ್ತಾರರ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಲಕ್ವ ಹೊಡೆದು ಅವಳ ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ನಾಲಿಗೆಯೂ ಅರ್ಧ ಬಿದ್ದಿತ್ತು. ದಿನಕ್ಕೆ ಹತ್ತು ಹನ್ನೆರಡು ಮಾತು ಆಡಿದರೆ ಹೆಚ್ಚು. ನೀರು, ಚಳಿ, ಬಿಡು, ಸಾಕು. ಸಿಟ್ಟು ಬಂದರೆ ಮಾತ್ರ ಒಂದು ಬೈಗುಳ, ಅದು ಸ್ಪಷ್ಟವಾಗಿ ಬರುತ್ತಿತ್ತು. ಮಗ ಫೆರ್ಮಿನ್ ವಲೆನ್ಸಿಯಾದಲ್ಲಿ. ಭಾನುವಾರ ಫೋನು ಮಾಡುತ್ತಿದ್ದ. "ಎಲ್ಲಾ ಚೆನ್ನಾಗಿದೆಯಾ?" "ಚೆನ್ನಾಗಿದೆ." ಮುಗಿಯಿತು.

ಹಾಗಾಗಿ ನಾನು ಕಲಿತ ಸ್ಪ್ಯಾನಿಷ್ ಅಂದರೆ ಹಾಸಿಗೆ ಪಕ್ಕದ್ದು. ಬಾಯಿ ತೆಗಿ. ನುಂಗು. ತಿರುಗು. ಕಾಲೆತ್ತು. ನೋವಾ? ಎಲ್ಲಿ? ನಿಧಾನ, ನಿಧಾನ. ಆಯ್ತು, ಮುಗೀತು. ಇಷ್ಟರಲ್ಲಿ ಮೂರು ವರ್ಷ ಬದುಕಿದೆ. ನೀವು ನಗಬಹುದು. ಅಂಗಡಿಯಲ್ಲಿ ಬೆರಳು ತೋರಿಸಿದರೆ ಸಾಮಾನು ಸಿಗುತ್ತದೆ, ಬಾಯಿ ಬೇಕಿಲ್ಲ. ಔಷಧಿ ಅಂಗಡಿಗೆ ಹಳೇ ಡಬ್ಬಿ ಒಯ್ದರೆ ಹೊಸದು ಕೊಡುತ್ತಾರೆ. ಒಬ್ಬ ಹೆಂಗಸು ಒಂದು ಊರಿನಲ್ಲಿ ಮಾತೇ ಇಲ್ಲದೆ ವರ್ಷಗಟ್ಟಲೆ ಇರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಇದ್ದು ನೋಡಿದೆ. ಬೆಳಿಗ್ಗೆ ಎದ್ದರೆ ಗಂಟಲು ತುಕ್ಕು ಹಿಡಿದ ಬೀಗದ ಹಾಗೆ ಆಗಿರುತ್ತಿತ್ತು.

ಬೇಸಿಗೆ ಸಂಜೆ ಬಂದರೆ ಇನ್ನೂ ಸಂಕಟ. ಬಿಸಿಲು ಇಳಿದ ಮೇಲೆ ನಮ್ಮ ಬೀದಿಯ ಹೆಂಗಸರೆಲ್ಲ ಕುರ್ಚಿ ತಂದು ಬಾಗಿಲ ಮುಂದೆ ಹಾಕಿ ಕೂರುತ್ತಿದ್ದರು. ಎದುರು ಮನೆಯ ಕಸಿಲ್ದಾ, ಅವಳ ಪಕ್ಕದ ಮನೆಯ ಪೂರಾ ಅನ್ನುವವಳು, ಮೂಲೆ ಮನೆಯವರು. ಸೂರ್ಯಕಾಂತಿ ಬೀಜ ಹಲ್ಲಲ್ಲಿ ಒಡೆದು ಸಿಪ್ಪೆ ಉಗಿಯುತ್ತಾ, ಬೀಸಣಿಗೆ ಬೀಸುತ್ತಾ, ಊರಿನ ಸತ್ತವರು ಬದುಕಿದವರು ಎಲ್ಲರ ಜಾತಕ ಜಾಲಾಡುವುದು. ನಮ್ಮ ಸ್ಟೇಷನ್ನಿನಲ್ಲೂ ಇದೇ ಬೀಜ, ಇದೇ ಚಟಚಟ ಸದ್ದು. ನಾನು ಕಿಟಕಿಯ ಪರದೆ ಹಿಂದೆ ನಿಂತು ಕೇಳುತ್ತಿದ್ದೆ. ಒಂದು ದಿನವಾದರೂ "ಬಾರೇ, ಕೂತ್ಕೋ" ಅಂದಿದ್ದಾರಾ? ಇಲ್ಲ. ಮೂರು ಬೇಸಿಗೆ ಕಾದೆ. ಎಂಥ ಜನವಪ್ಪಾ ಇವರು, ಎದೆಯಲ್ಲಿ ಇರೋದು ಕಲ್ಲೋ ಮಾಂಸವೋ ಅಂತ ಶಾಪ ಹಾಕಿ ಪರದೆ ಎಳೆದುಕೊಳ್ಳುತ್ತಿದ್ದೆ.

ಆ ಮೂರನೇ ಬೇಸಿಗೆಯಲ್ಲೇ ಕಾಗದದ ವಿಚಾರ ಬಂತು. ಮೂರು ವರ್ಷ ತುಂಬಿದರೆ ಇಲ್ಲಿ ಇರಲು ಪರವಾನಗಿ ಕೇಳಬಹುದು. ಅದು ಸಿಕ್ಕರೆ ಊರಿಗೆ ಹೋಗಿ ಬರಬಹುದು; ಅದಿಲ್ಲದೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ನನ್ನ ಮಗಳು ನಾತಿಯಾಗೆ ನವೆಂಬರಿನಲ್ಲಿ ಹೆರಿಗೆ. ಹಿಂದೆ ಎರಡು ಸಲ ಹೊಟ್ಟೆಯಲ್ಲೇ ಹೋಗಿದ್ದವು, ಎರಡು ಸಲವೂ ನಾನು ಫೋನಿನಲ್ಲಿ ಅತ್ತಿದ್ದೆ. ಈ ಸಲ ಬರ್ತೀನಿ ಮಗಳೇ ಅಂತ ಮಾತು ಕೊಟ್ಟಿದ್ದೆ. ಉಳಿದ ಕಾಗದ ಎಲ್ಲ ಸೇರಿದ್ದವು. ಒಂದೇ ಬಾಕಿ: ಈ ಹೆಂಗಸು ಊರಿನೊಳಗೆ ಬೆರೆತಿದ್ದಾಳೆ, ಭಾಷೆ ಬರುತ್ತದೆ ಅಂತ ಪಂಚಾಯಿತಿ ಕಚೇರಿಯವರು ಬರೆದುಕೊಡಬೇಕು.

ಆ ಕಚೇರಿಯಲ್ಲಿ ಬೆಗೋನ್ಯಾ ಅನ್ನುವ ಕನ್ನಡಕದ ಹುಡುಗಿ ಇದ್ದಳು. ಏನೋ ಕೇಳಿದಳು. "ಚೆನ್ನಾಗಿದೆ" ಅಂದೆ. ಇನ್ನೊಂದು ಕೇಳಿದಳು. ಅದಕ್ಕೂ "ಚೆನ್ನಾಗಿದೆ" ಅಂದೆ. ಅವಳು ಪೆನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದಳು: "ಜುಲೈ ಇಪ್ಪತ್ತಮೂರಕ್ಕೆ ಬನ್ನಿ. ಅರ್ಧ ಗಂಟೆ ನಾವಿಬ್ಬರೇ ಮಾತಾಡೋಣ. ಎಲ್ಲಿದ್ದೀರಿ, ಯಾರ ಜೊತೆ ಒಡನಾಟ, ದಿನ ಹೇಗೆ ಕಳೀತೀರಿ, ಇಷ್ಟೇ." ಇಷ್ಟೇ ಅಂತೆ! ಯಾರ ಜೊತೆ ಒಡನಾಟ ಅಂತ ಹೇಳಲಿ? ಗೋಡೆ ಜೊತೆ ಅನ್ನಲಾ? ಕೈಯಲ್ಲಿ ಮೂರು ವಾರ ಇತ್ತು. ಮನೆಗೆ ಬಂದವಳು ಒಲೆ ಮುಂದೆ ನಿಂತು ಅತ್ತುಬಿಟ್ಟೆ.

ಅವತ್ತೇ ಸಂಜೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಕಸಿಲ್ದಾ, ಎಪ್ಪತ್ತಾರರ ಗಿಡ್ಡ ಹೆಂಗಸು, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ.

"ನೋಡು," ಅಂದಳು, "ಮೂರು ಬೇಸಿಗೆಯಿಂದ ಬಾಯಿ ಕಟ್ಕೊಂಡು ಕೂತಿದೀನಿ. ಇವತ್ತು ಆಗಲ್ಲ. ನಮ್ಮ ವಿರ್ತುದೆಸ್‌ನ ಕೋಳಿ ಮುಚ್ಚಿದ ಹಾಗೆ ಮುಚ್ಚಿಟ್ಟಿದೀಯಲ್ಲ, ಯಾವ ನ್ಯಾಯ ಇದು? ಐವತ್ತು ವರ್ಷ ನನ್ನ ಪಕ್ಕ ಕೂತವಳು ಅವಳು! ನಿನಗೇನಮ್ಮಾ ಅಷ್ಟೊಂದು ಜಂಭ? ನಮ್ಮ ಜೊತೆ ಕೂತ್ರೆ ಮೈ ಸವೆದುಹೋಗುತ್ತಾ?"

ಒಂದಕ್ಷರ ಬಿಡದೆ ಅರ್ಥವಾಯಿತು. ಕೇಳಿ ಕೇಳಿ ಕಿವಿ ಕಲಿತಿತ್ತು, ನಾಲಿಗೆ ಕಲಿತಿರಲಿಲ್ಲ. ಜಂಭವಾ? ನನಗಾ? ಮೈಯೆಲ್ಲ ಉರಿದುಹೋಯಿತು. ಮೂರು ವರ್ಷದ ಸಿಟ್ಟು ಗಂಟಲಿಗೆ ನುಗ್ಗಿತು. ಬಾಯಿ ಬಿಟ್ಟೆ. ಬಂದದ್ದು ಇದ್ದದ್ದೇ:

"ಬಾಯಿ ಮುಚ್ಚು! ತಿರುಗು! ಕಾಲೆತ್ತು! ನಿಧಾನ! ನುಂಗು!"

ಕಸಿಲ್ದಾ ಕಣ್ಣು ಕಣ್ಣು ಬಿಟ್ಟಳು. "ಏನೇ ಇದು? ನನಗೇನು ಎನಿಮಾ ಕೊಡೋಳಿದೀಯಾ?"

ಬೀದಿಯ ಆಚೆ ಕೂತಿದ್ದ ಪೂರಾ, ಕೈಲಿದ್ದ ಬೀಜವೆಲ್ಲ ಚೆಲ್ಲಿ ನಕ್ಕಳು. ಅಷ್ಟರಲ್ಲಿ ಒಳಗಿನಿಂದ ಖೊರ್ರ್ ಅಂತ ಸದ್ದು ಬಂತು. ನಾನು ಗಾಬರಿ ಬಿದ್ದು ಓಡಿದೆ, ಕಸಿಲ್ದಾ ನನ್ನ ಹಿಂದೆಯೇ ಓಡಿಬಂದಳು. ನೋಡಿದರೆ ವಿರ್ತುದೆಸ್ ನಗುತ್ತಿದ್ದಾಳೆ. ಅರ್ಧ ಮುಖದಲ್ಲಿ, ಕಣ್ಣಲ್ಲಿ ನೀರು ಬರುವಷ್ಟು. ಮೂರು ವರ್ಷದಲ್ಲಿ ಅವಳು ನಕ್ಕದ್ದು ನಾನು ಕಂಡಿರಲಿಲ್ಲ. ಕಸಿಲ್ದಾ ಅವಳ ತೊಳೆದ ಕೈ, ಕತ್ತರಿಸಿದ ಉಗುರು, ಒಗೆದ ದಿಂಬು ಎಲ್ಲ ನೋಡಿದಳು. ಆಮೇಲೆ ದನಿ ಇಳಿಸಿ ಕೇಳಿದಳು: "ಇಷ್ಟು ಚೆನ್ನಾಗಿ ಇಟ್ಕೊಂಡಿದೀಯ. ಮತ್ಯಾಕೆ ಹೊರಗೆ ತರಲಿಲ್ಲ?"

"ನೀವು ಕರೆದಿಲ್ಲ," ಅಂದೆ. "ಒಂದು ದಿನ ಇಲ್ಲ. ಕೂತ್ಕೋ ಇಲ್ಲ."

"ಕರೆಯೋದಾ?" ಅವಳು ನಿಜವಾಗಿಯೂ ಬೆಚ್ಚಿಬಿದ್ದಳು. "ಬೀದಿಗೆ ಯಾರಾದ್ರೂ ಕರೀತಾರೇನೇ? ಬೀದಿ ಏನು ನಮ್ಮಪ್ಪನದಾ? ಕುರ್ಚಿ ತರೋದು, ಕೂರೋದು. ಅಷ್ಟೇ."

"ನನ್ನ ಕುರ್ಚಿ?"

"ಇನ್ನೇನು, ನಿನ್ನ ಕುರ್ಚೀನೂ ನಾನೇ ಹೊತ್ಕೊಂಡು ಬರ್ಲಾ ಮಹಾರಾಣಿ?"

ನಮ್ಮಲ್ಲಿ ಮನೆಯವರು ಮೂರು ಸಲ ಕೂಗಿ ಕರೆದು, ತೋಳು ಹಿಡಿದು ಎಳೆದು ಕೂರಿಸಬೇಕು. ಕರೆಯದೆ ಹೋದವಳಿಗೆ ಮಾನವಿಲ್ಲ. ಅದರ ಮೇಲೆ ತನ್ನ ಕುರ್ಚಿ ತಾನೇ ಹೊತ್ತು ಹೋಗುವುದು ಅಂದರೆ, ನಿಮ್ಮ ಮನೆಯಲ್ಲಿ ಕೂರಲು ಒಂದು ಮಣೆಗೂ ಗತಿಯಿಲ್ಲ ಅಂತ ಮುಖದ ಮೇಲೆ ಉಗಿದ ಹಾಗೆ. ಅವರು ನನ್ನನ್ನು ಕರೆಯದೆ ದೂರ ಇಟ್ಟರು ಅಂತ ನಾನು, ನಾನು ಬಾರದೆ ಅವರನ್ನು ದೂರ ಇಟ್ಟೆ ಅಂತ ಅವರು. ನಡುವೆ ಹತ್ತು ಹೆಜ್ಜೆಯ ಬೀದಿ. ಮೂರು ವರ್ಷ ಮಣ್ಣುಪಾಲು. ಯಾರನ್ನು ಬೈಯುವುದು ಹೇಳಿ.

ಮರುದಿನ ಸಂಜೆ ವಿರ್ತುದೆಸ್‌ನ ಗಾಲಿಕುರ್ಚಿ ತಳ್ಳಿಕೊಂಡು, ಅಡುಗೆಮನೆಯ ಕುರ್ಚಿ ತೋಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಯಾರೂ ತಲೆ ಎತ್ತಿ ನೋಡಲಿಲ್ಲ, ಸುಮ್ಮನೆ ಸರಿದು ಜಾಗ ಬಿಟ್ಟರು. ಕಾಗದದ ಕಥೆ ಹೇಳಿದಾಗ ಪೂರಾ ಅಲ್ಲೇ ಕನ್ನಡಕ ಮೂಗಿನ ತುದಿಗೆ ಇಳಿಸಿ ಅಧಿಕಾರಿಯಾದಳು.

"ಹೇಳಿ ಸಿಯಾಲಾ ಅವರೇ, ಎಲ್ಲಿ ವಾಸ?" ನನ್ನ ಹೆಸರಿನ ಮೊದಲಕ್ಷರ ಅವರ ಬಾಯಿಗೆ ಕೊನೆಗೂ ಒಗ್ಗಲಿಲ್ಲ.

"ದೋನ್ಯಾ ವಿರ್ತುದೆಸ್ ಜೊತೆ. ಹದಿನಾಲ್ಕನೇ ಮನೆ." ಹಿರಿಯ ಹೆಂಗಸರ ಹೆಸರಿನ ಮುಂದೆ ಮರ್ಯಾದೆಗೆ ದೋನ್ಯಾ ಸೇರಿಸಬೇಕು ಅಂತ ಅವರೇ ಕಲಿಸಿದ್ದು.

"ಸಂಜೆ ಏನು ಮಾಡ್ತೀರಿ?"

"ಬೀದಿಯಲ್ಲಿ ಕೂತು ಕಸಿಲ್ದಾನ ಬೈತೀವಿ."

"ಅದನ್ನ ಹೇಳ್ಬೇಡ್ವೇ ಮುಂಡೇದೆ!" ಅಂತ ಕಸಿಲ್ದಾ ಬೀಸಣಿಗೆಯಲ್ಲಿ ತಲೆಗೆ ಕುಟ್ಟಿದಳು.

ದಿನಾ ಇದೇ ಪಾಠ. ನಿನ್ನೆ, ನಾಳೆ, ಯಾಕೆಂದರೆ, ಆದರೂ, ಒಂದುವೇಳೆ. ಹಾಸಿಗೆ ಪಕ್ಕದಲ್ಲಿ ಇಂಥ ಮಾತು ಬೇಕಾಗಿರಲಿಲ್ಲ. ಅಲ್ಲಿ ಇದ್ದದ್ದು ಈ ಕ್ಷಣ ಮಾತ್ರ. ನಾನು ವಿರ್ತುದೆಸ್ ಪಕ್ಕ ಕೂತು ಬೀಜದ ಉಪ್ಪನ್ನು ಬೆರಳಿಗೆ ಸವರಿ ಅವಳ ನಾಲಿಗೆಗೆ ತಾಗಿಸುತ್ತಿದ್ದೆ. "ಇನ್ನೂ" ಅನ್ನುತ್ತಿದ್ದಳು. ಈ ಮಾತು ಅವಳು ನನ್ನ ಹತ್ತಿರ ಎಂದೂ ಆಡಿರಲಿಲ್ಲ. ಸಾಕು, ಬಿಡು ಅಂತ ಮಾತ್ರ ಅನ್ನುತ್ತಿದ್ದವಳು.

ಸುಳ್ಳು ಹೇಳಬಾರದು, ಅಲ್ಲಿಯೂ ನಾನು ಒಂಟಿಯೇ. ಅವರು ಐವತ್ತು ವರ್ಷದ ಹಿಂದಿನ ಯಾವುದೋ ಮದುವೆ ನೆನೆದು ಬಿದ್ದು ಬಿದ್ದು ನಗುವರು. ನನಗೆ ಅರ್ಥವಾಗುವ ಹೊತ್ತಿಗೆ ಎಲ್ಲರ ನಗು ಮುಗಿದಿರುತ್ತಿತ್ತು. ಆಗ ನಾನೊಬ್ಬಳೇ ನಕ್ಕರೆ ಚೆನ್ನಾಗಿರಲ್ಲ ಅಂತ ಬಾಯಿಗೆ ಬೀಜ ತುಂಬಿಕೊಳ್ಳುತ್ತಿದ್ದೆ. ಹಾಗೆ ನಾನು ಕೂತಾಗೆಲ್ಲ ವಿರ್ತುದೆಸ್ ಎಡಗೈ ಚಾಚಿ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದಳು. ಅವಳಿಗೂ ನಗುವಿನ ಜೊತೆ ಓಡಲು ಆಗುತ್ತಿರಲಿಲ್ಲ ನೋಡಿ. ನಾವಿಬ್ಬರೂ ಹಿಂದೆ ಉಳಿದವರು.

ಜುಲೈ ಹದಿನೆಂಟು, ಗುರುವಾರ ಬೆಳಿಗ್ಗೆ. ಚಮಚ ಹಿಡಿದು "ಬಾಯಿ ತೆಗಿ" ಅಂದೆ. ತೆಗೆಯಲಿಲ್ಲ. "ಬಾಯಿ ತೆಗಿ, ವಿರ್ತುದೆಸ್" ಅಂದೆ. ಕೆನ್ನೆ ಮುಟ್ಟಿದರೆ ತಣ್ಣಗಿತ್ತು. ಆದರೂ ಹೇಳುತ್ತಲೇ ಇದ್ದೆ. ಎಷ್ಟು ಸಲ ಹೇಳಿದೆನೋ. ಗಂಜಿ ಆರಿತು. ಆಮೇಲೆ ಎದ್ದು ಹೋಗಿ ಕಸಿಲ್ದಾನ ಬಾಗಿಲು ತಟ್ಟಿದೆ.

ಇಲ್ಲಿ ಸತ್ತವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮರುದಿನವೇ ಮಣ್ಣು. ಫೆರ್ಮಿನ್ ಹೆಂಡತಿಯನ್ನು ಕರೆದುಕೊಂಡು ಬಂದ. ಒಳ್ಳೆಯವನೇ, ಅವನಲ್ಲಿ ತಪ್ಪು ಹುಡುಕಲಾರೆ. ತಿಂಗಳ ಕೊನೆಯವರೆಗೆ ಇರಿ, ಆಮೇಲೆ ಮನೆಗೆ ಬೀಗ ಹಾಕ್ತೀವಿ ಅಂದ. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮನೆಯವರು ಮುಂದಿನ ಬೆಂಚಿನ ಹತ್ತಿರ ನಿಲ್ಲುತ್ತಾರೆ, ಊರವರು ಸಾಲಾಗಿ ಹೋಗಿ ಕೈ ಹಿಡಿದು ಒಂದು ಮಾತು ಹೇಳಿ ಬರಬೇಕು. ಆ ಮಾತನ್ನು ಕಸಿಲ್ದಾ ನನಗೆ ಬಾಗಿಲಲ್ಲೇ ಕಲಿಸಿದಳು, ಐದಾರು ಸಲ ಹೇಳಿಸಿದಳು: "ನಿಮ್ಮ ದುಃಖದಲ್ಲಿ ನಾನೂ ಜೊತೆಗಿದ್ದೀನಿ." ನಾನು ಸಾಲಿನಲ್ಲಿ ನಿಂತೆ. ಮುಂದೆ ಇಪ್ಪತ್ತು ಜನ, ಹಿಂದೆ ಇನ್ನಷ್ಟು. ಮೂರು ವರ್ಷ ಅವಳ ಮೈ ತೊಳೆದವಳು ನಾನು. ಅವಳ ಬೆನ್ನಿನ ಒಂದೊಂದು ಮಚ್ಚೆಯೂ ನನಗೆ ಗೊತ್ತು. ನನ್ನ ಸರದಿ ಬಂತು, ಫೆರ್ಮಿನ್‌ನ ಕೈ ಹಿಡಿದು ಹೇಳಿದೆ, ಒಂದು ತಪ್ಪೂ ಇಲ್ಲದೆ.

"ಅಬ್ಬಾ," ಅಂದ ಅವನು, ಕಣ್ಣೊರೆಸಿಕೊಳ್ಳುತ್ತಾ, "ನಮ್ಮ ಭಾಷೆ ಎಷ್ಟು ಚೆನ್ನಾಗಿ ಕಲ್ತುಬಿಟ್ರಿ."

ಅಲ್ಲಿ ಯಾರೂ ಗಟ್ಟಿಯಾಗಿ ಅಳುವುದಿಲ್ಲ. ನಾನೂ ಅಳಲಿಲ್ಲ.

ಭಾನುವಾರ ಕಸಿಲ್ದಾ, ಪೂರಾ ಇಬ್ಬರೂ ನನ್ನ ಅಡುಗೆಮನೆಗೆ ಬಂದು ಕೂತರು. ಸಾವಾದ ಬೀದಿಯಲ್ಲಿ ಒಂಬತ್ತು ದಿನ ಹೊರಗೆ ಕುರ್ಚಿ ಹಾಕುವುದಿಲ್ಲ.

"ಸತ್ತ ವಿಷಯ ಕಚೇರೀಲಿ ಎತ್ಲೇಬೇಡ," ಅಂದಳು ಪೂರಾ. "ಯಾರ ಜೊತೆ ಇದೀಯ ಅಂದ್ರೆ ಅವಳ ಜೊತೆ ಅನ್ನು. ತಿಂಗಳ ಕೊನೆಗೆ ಬೀದಿಗೆ ಬೀಳೋಳು ಅಂತ ಗೊತ್ತಾದ್ರೆ ಬರ್ಕೊಡ್ತಾರಾ?"

"ಪಾಪ ಬರುತ್ತೆ," ಅಂದೆ.

"ಪಾಪ ನಂಗಿರ್ಲಿ ಬಿಡು," ಅಂದಳು ಕಸಿಲ್ದಾ. "ವಿರ್ತುದೆಸ್ ಇದ್ದಿದ್ರೆ ನನಗಿಂತ ಮೊದಲು ಅವಳೇ ಈ ಸುಳ್ಳು ಹೇಳೋಳು. ನಿನ್ನ ಮಗಳ ಹೊಟ್ಟೆ ನೆನೆಸ್ಕೊ, ಬಾಯಿಪಾಠ ಒಪ್ಪಿಸಿ ಬಾ."

ಮಂಗಳವಾರ ಇಬ್ಬರೂ ಕಚೇರಿಯ ತನಕ ಬಂದರು. ಹೊರಗಿನ ಬೆಂಚಿನಲ್ಲಿ ಕೂತು, ಮೆಲ್ಲಗೆ ಹೋಗು, ಹೆದರಬೇಡ ಅಂದರು. ಒಳಗೆ ಬೆಗೋನ್ಯಾ ಕುರ್ಚಿ ತೋರಿಸಿದಳು. ಕೂತು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡೆ.

"ಯಾರ ಜೊತೆ ಇದ್ದೀರಿ?"

"ದೋನ್ಯಾ ವಿರ್ತುದೆಸ್ ಜೊತೆ," ಅಂದೆ. "ಎಂಬತ್ತೊಂಬತ್ತು ವರ್ಷ ಅವರಿಗೆ."

"ಅವರ ಬಗ್ಗೆ ಸ್ವಲ್ಪ ಹೇಳಿ."

ಇದು ಪಾಠದಲ್ಲಿ ಇರಲಿಲ್ಲ. ಪೂರಾ ಇದನ್ನು ಕೇಳಿರಲೇ ಇಲ್ಲ. ತೋಚಿದ ಹಾಗೆ ಶುರು ಮಾಡಿದೆ. ಬೆಳಿಗ್ಗೆ ಏಳುವಾಗ ಬೈತಾರೆ, ಅಂದೆ. ಗಂಜಿಗೆ ಉಪ್ಪು ಕಮ್ಮಿ ಇದ್ರೆ ಬಾಯಿ ಮುಚ್ಚಿಬಿಡ್ತಾರೆ, ಏನು ಮಾಡಿದ್ರೂ ತೆಗೆಯಲ್ಲ. ಸ್ನಾನ ಅಂದ್ರೆ ಆಗಲ್ಲ, ಆದರೂ ಬೆನ್ನಿಗೆ ಬಿಸಿ ನೀರು ಬಿದ್ರೆ ಕಣ್ಣು ಮುಚ್ಕೊಂಡು ಬೆಕ್ಕಿನ ಹಾಗೆ ಸುಮ್ಮನಿರ್ತಾರೆ. ನಾನು ನಮ್ಮ ಭಾಷೇಲಿ ಗೊಣಗಿದ್ರೂ ಅವರಿಗೆ ಗೊತ್ತಾಗುತ್ತೆ ಯಾರನ್ನ ಬೈತಿದೀನಿ ಅಂತ. ಸಂಜೆ ನನ್ನ ಮೊಣಕೈ ಹಿಡ್ಕೋತಾರೆ. ಈಗೀಗ ಇನ್ನೂ ಬೇಕು ಅಂತಾರೆ. ಹೇಳುತ್ತಾ ಹೇಳುತ್ತಾ ನನಗೇ ಅವಳು ಬದುಕಿದ್ದಾಳೆ ಅನ್ನಿಸಿಬಿಟ್ಟಿತು. ಹೊತ್ತಾಯಿತು, ಊಟ ಕೊಡಬೇಕು ಅಂತ ಗಡಿಯಾರ ಕೂಡ ನೋಡಿದೆ. ಮಾತು ತಡವರಿಸಲಿಲ್ಲ. ನಿನ್ನೆ, ನಾಳೆ, ಯಾಕೆಂದರೆ, ಆದರೂ, ಎಲ್ಲವೂ ತಾವಾಗಿ ಬಂದವು. ಟಿಕೆಟ್ ಕಿಟಕಿಯ ತ್ಸಿಯಾಲಾ ಅಷ್ಟು ಮಾತಾಡಿ ಮೂರು ವರ್ಷವಾಗಿತ್ತು.

ಬೆಗೋನ್ಯಾ ತಡೆಯಲಿಲ್ಲ. ಅರ್ಧ ಗಂಟೆ ಮುಗಿದು ಮುಕ್ಕಾಲಾಯಿತು. ನಾನು ನಿಲ್ಲಿಸಿದ ಮೇಲೆ ಬರೆದಳು. ಬರೆದದ್ದನ್ನು ನನ್ನ ಕಡೆ ತಿರುಗಿಸಿದಳು. ಭಾಷೆ ಚೆನ್ನಾಗಿ ಬರುತ್ತದೆ, ಊರಿನಲ್ಲಿ ಬೆರೆತಿದ್ದಾರೆ, ಪರವಾನಗಿ ಕೊಡಬಹುದು. ಕೆಳಗೆ ಸಹಿ ಹಾಕಿ ಮುದ್ರೆ ಒತ್ತಿದಳು.

ಆಮೇಲೆ ಕನ್ನಡಕ ತೆಗೆದಳು. "ಶುಕ್ರವಾರ ನಾನೂ ಚರ್ಚಿಗೆ ಬಂದಿದ್ದೆ," ಅಂದಳು. "ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಂತಿದ್ದೆ."

ಕಾಗದ ಕಿತ್ತುಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಮೇಜು ಸುತ್ತಿಕೊಂಡು ಬಂದು ನನ್ನ ಎರಡೂ ಕೈ ಹಿಡಿದಳು.

"ನಿಮ್ಮ ದುಃಖದಲ್ಲಿ ನಾನೂ ಜೊತೆಗಿದ್ದೀನಿ," ಅಂದಳು.

ಅದಕ್ಕೆ ಏನು ಉತ್ತರ ಕೊಡಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಅದನ್ನು ಹೇಳುವುದು ಮಾತ್ರ ಕಲಿಸಿದ್ದರು. ಈ ಊರಿನಲ್ಲಿ ಆ ಮಾತನ್ನು ನನಗೆ ಯಾರಾದರೂ ಹೇಳಬೇಕಾಗಿ ಬಂದೀತು ಅಂತ ಕಸಿಲ್ದಾಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕಾಗದ ಎದೆಗೆ ಒತ್ತಿಕೊಂಡು ಹೊರಗೆ ಬಂದೆ.

"ಏನಾಯ್ತೇ?" ಅಂತ ಇಬ್ಬರೂ ಎದ್ದರು. ನನ್ನ ಮುಖ ನೋಡಿ ಕಸಿಲ್ದಾ ತಾನೇ ತೀರ್ಮಾನ ಮಾಡಿಬಿಟ್ಟಳು. "ಕೊಡಲಿಲ್ವಾ? ಕೊಡಲಿಲ್ಲ ತಾನೇ? ಇವಳಜ್ಜಿ! ತಾಳು, ನಾನು ಕೇಳ್ತೀನಿ ಅವಳನ್ನ!" ಅಂತ ಬಾಗಿಲು ತಳ್ಳಿಕೊಂಡು ನುಗ್ಗಿದಳು. ಒಳಗೆ ಅವಳ ಗಲಾಟೆ ಎದ್ದಿತು. ಪೂರಾ ಅವಳನ್ನು ಹಿಡಿಯಲು ಓಡಿದಳು.

ತಡೆಯಬಹುದಿತ್ತು. ಅಷ್ಟು ಮಾತು ನನಗೆ ಈಗ ಬರುತ್ತಿತ್ತು. ನಾನು ಖಾಲಿ ಬೆಂಚಿನ ಮೇಲೆ ಕೂತೆ. ನಮ್ಮ ಕಡೆ ಸತ್ತವರನ್ನು ಹೆಸರು ಹಿಡಿದು ಕೂಗಿ ಅಳಬೇಕು, ಇಲ್ಲದಿದ್ದರೆ ಅವರು ಯಾರೂ ಇಲ್ಲದವರು ಅಂತಾಗುತ್ತದೆ. ಐದು ದಿನದಿಂದ ಅವಳನ್ನು ಯಾರೂ ಹಾಗೆ ಕೂಗಿರಲಿಲ್ಲ. ಕಚೇರಿಯ ಮೆಟ್ಟಿಲಿಳಿಯುತ್ತಿದ್ದವರು ನಿಂತು ನೋಡುತ್ತಿದ್ದಂತೆ, ನಾನು ನಮ್ಮ ಭಾಷೆಯಲ್ಲಿ, ಗಂಟಲು ಹರಿಯುವ ಹಾಗೆ ವಿರ್ತುದೆಸ್‌ನ ಕೂಗಿ ಅತ್ತೆ.